ಆರೂವರೆಯಿಂದ ಏಳರವರೆಗೆ ಚಿಂತೆ

ಮೊನ್ನೆ ಬೀರು ಚೊಕ್ಕಟ ಮಾಡುವಾಗ ಹಳೆಯ ಬಟ್ಟೆಗಳ ಅಡಿಯಿಂದ ನನ್ನದೊಂದು ಕರವಸ್ತ್ರ ಹೊರಬಿತ್ತು. ಒಂದು ಕಾಲದಲ್ಲಿ ಅದು ಬಿಳಿಯದಾಗಿತ್ತು ಎಂದು ನಾನು ಹೇಳಿದರೆ ನೀವು ನಂಬಬೇಕು. ಅದರ ಒಂದು ಮೂಲೆಯಲ್ಲಿ ಕಡಲೆಕಾಳಿನಂಥ ಗಟ್ಟಿ ಗಂಟು. ಉಗುರಿನಿಂದ ಕೆದಕಿದೆ, ಹಲ್ಲಿನಿಂದ ಕಚ್ಚಿದೆ, ಜಪ್ಪಯ್ಯ ಅಂದರೂ ಬಿಚ್ಚಿಕೊಳ್ಳಲಿಲ್ಲ. ಹೆಂಡತಿ ವಸುಧಾ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದವಳು, "ಅದು ಯಾವ ಚಿಂತೆಯೋ ಏನೋ, ಬಿಟ್ಬಿಡಿ. ಈಗ ಬಿಚ್ಚಿದ್ರೆ ಮತ್ತೆ ಶುರುವಾಗತ್ತೆ" ಎಂದಳು.

ಅವಳ ಮಾತು ಅರ್ಥವಾಗಬೇಕಾದರೆ ನಾನು ಎಂಥ ಮನುಷ್ಯ ಎಂಬುದು ನಿಮಗೆ ಮೊದಲು ತಿಳಿಯಬೇಕು. ನಂಜನಗೂಡಿನಲ್ಲಿ ಮೂರನೆಯ ಕ್ಲಾಸು ಓದುತ್ತಿದ್ದಾಗ ನಮ್ಮ ಮೇಷ್ಟರು ಒಂದು ಮಧ್ಯಾಹ್ನ ಭೂಮಿ ತಿರುಗುತ್ತದೆ ಎಂದು ಹೇಳಿಕೊಟ್ಟರು. ಉಳಿದ ಹುಡುಗರು ಅದನ್ನು ಸ್ಲೇಟಿನಲ್ಲಿ ಬರೆದು, ಒರೆಸಿ, ಗೋಲಿ ಆಡಲು ಹೋದರು. ನಾನು ಮನೆಗೆ ಬಂದವನೇ ಜಗಲಿಯ ಕಂಬವನ್ನು ಎರಡು ಕೈಯಲ್ಲೂ ತಬ್ಬಿಕೊಂಡು ಕೂತೆ. ದೀಪ ಹಚ್ಚುವ ಹೊತ್ತಿಗೆ ಅಜ್ಜಿ ಬಂದು, "ಯಾಕೋ ಮಗೂ?" ಎಂದರು.

"ಭೂಮಿ ತಿರುಗ್ತಾ ಇದೆಯಂತೆ ಅಜ್ಜಿ."

"ತಿರುಗ್ಲಿ ಬಿಡು. ಅನ್ನ ಆರ್ಹೋಗತ್ತೆ, ಬಾ."

ನಾನು ಕಂಬ ಬಿಡಲಿಲ್ಲ. ಆ ರಾತ್ರಿಯ ಊಟವನ್ನು ಅಜ್ಜಿ ಜಗಲಿಗೇ ತಂದು ಬಾಯಿಗೆ ಇಡಬೇಕಾಯಿತು.

ಇಂಥವನಿಗೆ ದೇವರು ಕೊಟ್ಟ ಕೆಲಸವನ್ನಾದರೂ ನೋಡಿ. ಒಂದು ವಿಮಾ ಕಂಪನಿ, ಅದರಲ್ಲೂ ಕ್ಲೇಮ್ ವಿಭಾಗ. ನಿಂತಿದ್ದ ಕಾರಿನ ಮೇಲೆ ಬಿದ್ದ ತೆಂಗಿನಕಾಯಿ, ಕೋತಿ ಎಸೆದ ಹೂಕುಂಡ ಎದುರು ಮನೆಯ ಟೀವಿಗೆ ಬಡಿದದ್ದು, ಮದುವೆ ಮನೆಯಲ್ಲಿ ಮಂಟಪದ ಕಂಬವೇ ಜಾರಿ ಛಾಯಾಗ್ರಾಹಕನ ಕ್ಯಾಮೆರಾದ ಮೇಲೆ ಕೂತದ್ದು. "ಹಾಗೆಲ್ಲ ಎಲ್ಲಾದರೂ ಆಗುತ್ತದೆಯೇ?" ಎಂದು ನೀವು ಯಾವುದನ್ನು ನಗುತ್ತಾ ತಳ್ಳಿಹಾಕುತ್ತೀರೋ, ಅದು ಎಲ್ಲೋ ಆಗಿ, ಮೂರು ಪ್ರತಿಗಳಲ್ಲಿ ಟೈಪಾಗಿ, ನನ್ನ ಮೇಜಿನ ಮೇಲೆ ಬಂದು ಕೂತಿರುತ್ತಿತ್ತು. ಉಳಿದವರದು ಬರಿಯ ಚಿಂತೆ. ನನ್ನದಕ್ಕೆ ದಾಖಲೆ ಇತ್ತು.

ತೊಂಬತ್ತರ ದಶಕದ ಕೊನೆಯಲ್ಲಿ ನನ್ನನ್ನು ಮೈಸೂರಿನಿಂದ ಚೆನ್ನೈಗೆ ವರ್ಗ ಮಾಡಿದರು. ಆಫೀಸು ಅಡ್ಯಾರಿನಲ್ಲಿ. ಅಡ್ಯಾರನ್ನು ನೋಡಿದವರೆಲ್ಲ ಎಷ್ಟು ಮರ, ಎಷ್ಟು ನೆರಳು ಎಂದು ಹೊಗಳುತ್ತಾರೆ. ನಾನು ಮಾತ್ರ ಬಸ್ ಸ್ಟಾಪಿನಿಂದ ಆಫೀಸಿಗೆ ಒಂದೊಂದು ತೆಂಗಿನ ಮರವನ್ನೂ ಬಳಸಿಕೊಂಡು ಹಾವಿನಂತೆ ಸೊಟ್ಟಸೊಟ್ಟಗೆ ನಡೆಯುತ್ತಿದ್ದೆ. ಬಂದ ಮೊದಲ ವಾರವೇ ಒಂದು ಸಂಗತಿ ನಡೆಯಿತು. ಆಟೋ ಹತ್ತಿ, ಹೊತ್ತಿಗೆ ಸರಿಯಾಗಿ ಅಡ್ಯಾರಿಗೆ ಮುಟ್ಟುತ್ತೇವೆಯೇ ಎಂದು ಕೈಸನ್ನೆಯಲ್ಲೇ ಕೇಳಿದೆ. ಡ್ರೈವರ್, "ಕವಲಪಡಾದೀಂಗ ಸಾರ್" ಎಂದ. ಅದರಲ್ಲಿ ನನಗೆ ತಿಳಿದದ್ದು ಕವಲು ಎಂಬ ಒಂದೇ ಮಾತು. ಹಾಗಾದರೆ ಮುಂದೆಲ್ಲೋ ದಾರಿ ಕವಲೊಡೆಯುತ್ತದೆ, ಇವನಿಗೆ ಯಾವ ಕಡೆ ತಿರುಗಬೇಕೆಂದು ಗೊತ್ತಿಲ್ಲ ಎಂದುಕೊಂಡು ಅಡ್ಯಾರ್ ಬರುವ ತನಕ ಕತ್ತು ಹೊರಗೆ ಹಾಕಿಕೊಂಡು ಕೂತೆ. ಸಂಜೆ ವಸುಧಾ ಕೇಳಿ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು. "ತಮಿಳಲ್ಲಿ ಕವಲೈ ಅಂದ್ರೆ ಚಿಂತೆ ರೀ. ಚಿಂತೆ ಮಾಡ್ಬೇಡಿ ಸಾರ್ ಅಂದಿದಾನೆ, ಪಾಪ." ಚೆನ್ನೈನಲ್ಲಿ ನನ್ನ ಮೊದಲ ಚಿಂತೆ ಹುಟ್ಟಿದ್ದು ಚಿಂತೆ ಬೇಡವೆಂದು ಒಬ್ಬ ಪುಣ್ಯಾತ್ಮ ಸಮಾಧಾನ ಹೇಳಿದ್ದರಿಂದ.

ವಸುಧೆಗೆ ತಮಿಳು ನೀರು ಕುಡಿದಷ್ಟು ಸಲೀಸು. ಅವಳ ತಂದೆಯ ಮನೆಯವರು ಎಷ್ಟೋ ತಲೆಮಾರಿನಿಂದ ಮದರಾಸಿನಲ್ಲೇ ಇದ್ದವರು. ಪುರಸೈವಾಕ್ಕಂನಲ್ಲಿ, ಬಟ್ಟೆ ಅಂಗಡಿ ಪಾತ್ರೆ ಅಂಗಡಿಗಳ ಗದ್ದಲದ ಹಿಂದೆ, ಅವರದೊಂದು ಹಳೆಯ ಮನೆ. ನಾವು ಮಹಡಿಯ ಮೇಲೆ ಬಿಡಾರ ಹೂಡಿದೆವು. ಕೆಳಗೆ ಮುಂದಿನ ಭಾಗದಲ್ಲಿ ನನ್ನ ಮಾವ ವೇಣುಗೋಪಾಲರಾಯರು, ಹಿಂದಿನ ಭಾಗದಲ್ಲಿ ಬಾಡಿಗೆಗೆ ಮದ್ದೂರಿನ ಕಡೆಯ ಜಯಮ್ಮ ಮತ್ತು ಅವರ ಯಜಮಾನರು. ನಮ್ಮ ಮಗಳು ಅನು ಸೇರಿಕೊಂಡ ಶಾಲೆಯಲ್ಲಿ ಎರಡೇ ತಿಂಗಳಿಗೆ ತಮಿಳು ಕಲಿತು, ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲೇ ಉತ್ತರ ಕೊಡತೊಡಗಿದಳು. ಅದೂ ನನಗೊಂದು ಚಿಂತೆ.

ನನ್ನ ರೋಗಕ್ಕೆ ಮದ್ದು ಹೇಳದವರಿಲ್ಲ. ಆಫೀಸಿನ ಗೆಳೆಯರೊಬ್ಬರು, ಮಣಿಕಟ್ಟಿಗೆ ರಬ್ಬರ್ ಬ್ಯಾಂಡ್ ಹಾಕಿಕೊಂಡು ಚಿಂತೆ ಬಂದಾಗಲೆಲ್ಲ ಎಳೆದು ಬಿಡಬೇಕು, ಆ ಚುರುಕಿಗೆ ಮನಸ್ಸು ದಾರಿಗೆ ಬರುತ್ತದೆ ಎಂದರು. ಫೈಲು ಕಟ್ಟುವ ದಪ್ಪ ರಬ್ಬರ್ ಬ್ಯಾಂಡನ್ನೇ ಹಾಕಿಕೊಂಡೆ. ಮಧ್ಯಾಹ್ನದ ಹೊತ್ತಿಗೆ ಕೈ ಕೆಂಪಗೆ ಊದಿತು. ಊದಿದ್ದು ಏನಾದರೂ ವಿಷಮಿಸಿದರೆ ಎಂಬ ಯೋಚನೆ ಬಂದು, ಅದಕ್ಕೂ ಎಳೆದು ಬಿಟ್ಟೆ. ಇನ್ನೊಬ್ಬರು, ಮೂಗಿನಿಂದ ನಿಧಾನವಾಗಿ ಉಸಿರು ಎಳೆದು, ಹಿಡಿದು, ಬಾಯಿಯಿಂದ ಬಿಡಿ ಎಂದರು. ಇದನ್ನು ಬಸ್ಸಿನಲ್ಲಿ ನಿಂತು ಮಾಡಿದೆ. ಉಸಿರು ಹಿಡಿದ ನನ್ನ ಮುಖದಲ್ಲಿ ಏನು ಕಂಡಿತೋ, ಪಕ್ಕದ ವಯಸ್ಸಾದ ಹೆಂಗಸು ಎದ್ದು ಜಾಗ ಕೊಟ್ಟು ಸೆರಗಿನಿಂದ ಗಾಳಿ ಹಾಕತೊಡಗಿದರು. ಯಾರೋ ನೆತ್ತಿಗೆ ನೀರು ತಟ್ಟಿದರು. ಕಂಡಕ್ಟರ್ ಸೀಟಿ ಊದಿ ಆಸ್ಪತ್ರೆಯೊಂದರ ಮುಂದೆ ಬಸ್ ನಿಲ್ಲಿಸಿಬಿಟ್ಟ. ಇಷ್ಟೆಲ್ಲ ಆದ ಮೇಲೆ ನನಗೇನೂ ಆಗಿಲ್ಲ ಎನ್ನುವುದು ಅವರಿಗೆ ಮಾಡುವ ಅವಮಾನವೆನಿಸಿ, ಕೈ ಮುಗಿದು ಇಳಿದು, ಆಸ್ಪತ್ರೆಯ ಗೇಟಿನೊಳಗೆ ಹೋದಂತೆ ಮಾಡಿ, ಬಸ್ಸು ಮರೆಯಾದ ಮೇಲೆ ಹೊರಗೆ ಬಂದೆ.

ಕೊನೆಗೆ ನನಗೆ ಹಿಡಿಸಿದ್ದು ಮಾವನವರ ಮದ್ದು. ಅವರು ರೈಲ್ವೆಯಲ್ಲಿ ಸ್ಟೇಷನ್ ಮಾಸ್ಟರಾಗಿ ನಿವೃತ್ತರಾದವರು. ಎತ್ತರದ ಆಳು, ಎತ್ತರದ ದನಿ. ಚಿಂತೆ ಎಂಬುದು ತಮ್ಮ ಹತ್ತಿರ ಸುಳಿದೇ ಇಲ್ಲವೆಂದು ಎದೆ ತಟ್ಟಿ ಹೇಳುವವರು. ಒಂದು ದಿನ ಊಟಕ್ಕೆ ಕೂತಾಗ ನಾನು ಮೇಲೆ ನೋಡಿ, "ಆ ಫ್ಯಾನು ಸ್ವಲ್ಪ ಅಲ್ಲಾಡ್ತಾ ಇದೆ ಅಲ್ವಾ?" ಎಂದೆ. ಅವರು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದರು.

"ಮಾಪ್ಳೆ," ಎಂದರು. ಅಳಿಯ ಎನ್ನುವುದಕ್ಕೆ ತಮಿಳರ ಮಾತು ಅದು. ನನ್ನನ್ನು ಅವರು ಕರೆಯುತ್ತಿದ್ದುದೇ ಹಾಗೆ. "ಸ್ಟೇಷನ್‌ಗೆ ಗಾಡಿನೇ ಬರ್ಬೇಡ ಅಂತ ಯಾರೂ ಹೇಳೋಕಾಗಲ್ಲ. ಬರತ್ತೆ. ಆದ್ರೆ ಅದರ ನೇರಕ್ಕೆ ಬರ್ಬೇಕು, ಟೈಮಿಗೆ. ನಿಮ್ಮ ತಲೇಲಿ ಎಲ್ಲಾ ಗಾಡೀನೂ ಎಲ್ಲಾ ಟೈಮಲ್ಲೂ ಬರ್ತಾ ಇದೆ. ಅದುದಾನ್ ಪ್ರಾಬ್ಲಮ್."

"ಏನು ಮಾಡ್ಲಿ ಮಾವ?"

"ಆಫೀಸಿಂದ ಬಂದು ಕಾಫಿ ಕುಡೀರಿ. ಆರೂವರೆಗೆ ಮೊಟ್ಟೆಮಾಡಿಗೆ ಹೋಗಿ. ಏಳರವರೆಗೆ ಎಷ್ಟು ಬೇಕೋ ಅಷ್ಟು ಚಿಂತೆ ಮಾಡಿ, ಯಾರೂ ಕೇಳಲ್ಲ. ಮಿಕ್ಕ ಟೈಮಲ್ಲಿ ಬಂದದ್ದನ್ನ ಸ್ಟೇಷನ್ ಹೊರಗೆ, ಔಟರ್ ಸಿಗ್ನಲ್‌ನಲ್ಲೇ ನಿಲ್ಸಿ."

ಮೊಟ್ಟೆಮಾಡಿ ಎಂದರೆ ಬೋಳು ತಾರಸಿ. ಮರುದಿನದಿಂದಲೇ ನಾನು ನೀರಿನ ಟ್ಯಾಂಕಿನ ಪಕ್ಕ ಒಂದು ಬಕೆಟ್ಟನ್ನು ಬೋರಲು ಹಾಕಿಕೊಂಡು ಕೂತೆ. ಕೂತವನಿಗೆ ಒಂದು ತೊಂದರೆ ಎದುರಾಯಿತು. ಬೆಳಗ್ಗೆಯಿಂದ ಔಟರ್ ಸಿಗ್ನಲ್‌ನಲ್ಲಿ ನಿಲ್ಲಿಸಿದ್ದ ಚಿಂತೆಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. ಏನೋ ಘನವಾದದ್ದೇ ಇತ್ತು, ಏನದು? ಮಾಡಬೇಕಾದ ಚಿಂತೆಯನ್ನೇ ಮರೆತೆನಲ್ಲ ಎಂಬ ಚಿಂತೆಯಲ್ಲಿ ಅರ್ಧ ಗಂಟೆ ಮುಗಿಯಿತು. ಅದಕ್ಕೆ ಉಪಾಯವಾಗಿ ಕರವಸ್ತ್ರಕ್ಕೆ ಗಂಟು ಹಾಕಿಕೊಳ್ಳುವುದನ್ನು ಶುರು ಮಾಡಿದೆ, ಚಿಂತೆಗೊಂದು ಗಂಟು. ಒಂದು ದಿನ ಶೀತವಾಗಿ ಮ್ಯಾನೇಜರ ಮುಂದೆಯೇ ಆ ಕರವಸ್ತ್ರವನ್ನು ತೆಗೆದೆ. ಮೂಗು ಒರೆಸಲು ಗಂಟಿಲ್ಲದ ಜಾಗ ಹುಡುಕುತ್ತಿದ್ದಾಗ ಅವರು, "ಇದೇನ್ರೀ ಇದು?" ಎಂದರು.

"ಚಿಂತೆ ಸಾರ್. ಸಂಜೆಗೆ ಅಂತ ಇಟ್ಟುಕೊಂಡಿದೀನಿ."

ಆ ದಿನ ಅವರು ನನ್ನ ಮೇಜಿಗೆ ಹೊಸ ಫೈಲು ಯಾವುದನ್ನೂ ಕಳಿಸಲಿಲ್ಲ.

ಸಂಜೆ ತಾರಸಿಯಲ್ಲಿ ಗಂಟುಗಳನ್ನು ಸವರುತ್ತಾ ಇದು ಫ್ಯಾನಿನದೋ, ತೆಂಗಿನಕಾಯಿಯದೋ, ಗ್ಯಾಸಿನದೋ ಎಂದು ಹೊಳೆಯದೆ ಕೂತಿದ್ದಾಗಲೇ ಜಯಮ್ಮ ಒಣಹಾಕಿದ್ದ ಮೆಣಸಿನಕಾಯಿ ಎತ್ತಿಕೊಂಡು ಹೋಗಲು ಬಂದದ್ದು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಣ್ಣ, ನೀವೆಂಗಿದ್ರೂ ಇಲ್ಲಿ ಸುಮ್ಕೆ ಕುಂತಿರ್ತೀರ. ನಂದೂ ಒಂದು ಯೋಚ್ನೆ ಅದೆ. ಅದ್ನೂ ಮಾಡ್ಕೊಡ್ತೀರ?" ಎಂದರು.

ವಿಷಯ ಇಷ್ಟು. ಜಯಮ್ಮನ ನಾದಿನಿ ಅವರಿಗೆ ಒಂದು ಗಿಣಿ ಹಸಿರು ಸೀರೆ ಉಡುಗೊರೆ ಕೊಟ್ಟಿದ್ದರು. ಜಯಮ್ಮನಿಗೆ ಬಣ್ಣ ಹಿಡಿಸದೆ ಅದನ್ನು ಯಾರದೋ ಸೀಮಂತಕ್ಕೆ ಕೊಟ್ಟರು. ಅವರಿಗೂ ಹಿಡಿಸದೆ ಇನ್ನಾರಿಗೋ ಕೊಟ್ಟರು. ಹೀಗೆ ಪುರಸೈವಾಕ್ಕಂನ ಮನೆಮನೆ ಸುತ್ತಿದ ಆ ಸೀರೆ ಈಗ ಒಂದು ಗೃಹಪ್ರವೇಶದಲ್ಲಿ, ಊರಿಂದ ಬರಲಿರುವ ಅದೇ ನಾದಿನಿಗೆ ಮಡಿಲು ತುಂಬಲು ತಯಾರಾಗಿ ಕೂತಿದೆ ಎಂದು ಜಯಮ್ಮನಿಗೆ ಸುದ್ದಿ ಬಂದಿತ್ತು.

"ಅವ್ಳು ನೋಡುದ್ರೆ ನನ್ ಕತೆ ಮುಗೀತು ಕಣಣ್ಣ," ಎಂದು ಹೇಳಿ, ಮೆಣಸಿನಕಾಯಿ ಮೊರ ಎತ್ತಿಕೊಂಡು, ಹಗುರವಾಗಿ ಇಳಿದು ಹೋದರು. ಕೆಳಗಿನಿಂದ ಅವರು ಹಾಡಿಕೊಳ್ಳುವುದು ಕೇಳಿಸಿತು.

ನಾನು ಶ್ರದ್ಧೆಯಿಂದ ಚಿಂತೆ ಮಾಡಿದೆ. ಮೂರು ಸಂಜೆ ಮಾಡಿದೆ. ನಾದಿನಿ ಗುರುತು ಹಿಡಿಯಬಹುದಾದ ರೀತಿಗಳು, ಹಿಡಿದರೆ ಆಗಬಹುದಾದ ನಷ್ಟ, ನಷ್ಟದ ಪರಿಹಾರ, ಎಲ್ಲವನ್ನೂ ಕ್ಲೇಮ್ ವಿಭಾಗದ ಶಿಸ್ತಿನಲ್ಲಿ ಯೋಚಿಸಿದೆ. ಆಗ ನನಗೊಂದು ವಿಚಿತ್ರ ತಿಳಿಯಿತು. ಬೇರೆಯವರ ಚಿಂತೆಗೆ ಭಾರವೇ ಇರುವುದಿಲ್ಲ. ಮಾಡಲು ಬಹಳ ಚೆನ್ನಾಗಿರುತ್ತದೆ. ಮಾಡಿ ಮುಗಿಸಿ ಇಳಿದು ಬಂದರೆ ಒಳ್ಳೆಯ ಹಸಿವಾಗುತ್ತದೆ. ಗೃಹಪ್ರವೇಶದಲ್ಲಿ ಏನಾಯಿತೆಂದರೆ, ನಾದಿನಿ ಸೀರೆಯನ್ನು ಬಿಡಿಸಿ ನೋಡಿ, "ಏನ್ ಚಂದಾಗದೆ ಬಣ್ಣ! ನನ್ ಜನ್ಮದಲ್ಲೇ ಇಂಥದ್ ನೋಡಿರ್ನಿಲ್ಲ" ಎಂದರಂತೆ.

ಜಯಮ್ಮ ಇದಕ್ಕೆ ಪೂರ್ತಿ ಕಾರಣ ನಾನೇ ಎಂದು ಬೀದಿಗೆಲ್ಲ ಹೇಳಿದರು. ಆ ಮೇಲೆ ಕೇಳಬೇಕೆ? ಸೊಸೆ ತಿಂಡಿಗೆ ಹಾಕುವ ಎಣ್ಣೆಯ ಬಗ್ಗೆ, ಬಾಡುತ್ತಿರುವ ತುಳಸಿಯ ಬಗ್ಗೆ, ಮದುವೆಗೆ ಮುಂಚೆ ಮೀಸೆ ಬೋಳಿಸಿಬಿಟ್ಟ ಭಾವೀ ಅಳಿಯನ ಬಗ್ಗೆ ನನ್ನ ಬಕೆಟ್ಟಿನ ಬಳಿಗೆ ಚಿಂತೆಗಳು ಬರತೊಡಗಿದವು. ಅನು ಒಂದು ಸಂಜೆ ಶಟಲ್ ಬ್ಯಾಟ್ ಹಿಡಿದುಕೊಂಡು ಮೆಟ್ಟಿಲ ಮೇಲಿಂದ ತಲೆ ಇಣುಕಿಸಿ, "ಅಪ್ಪಾ, ನಾಳೈಕ್ಕಿ ಮ್ಯಾಥ್ಸ್ ಟೆಸ್ಟ್. ಕೊಂಚಂ ಕವಲಪಡುಂಗ" ಎಂದು ಹೇಳಿ ಆಡಲು ಓಡಿದಳು. ನಾಳೆಯ ಗಣಿತದ ಪರೀಕ್ಷೆಗಾಗಿ ಸ್ವಲ್ಪ ಚಿಂತೆ ಮಾಡಬೇಕಂತೆ. ಮಾಡಿದೆ. ಅರ್ಧಕ್ಕಿಂತ ಕಡಿಮೆ ಅಂಕ ಬಂದಾಗ ನನ್ನ ಕಡೆಗೆ ಅವಳು ನೋಡಿದ ನೋಟವನ್ನು ನೋಡಬೇಕಿತ್ತು.

ಊರವರ ಚಿಂತೆಯ ನಡುವೆ ನನ್ನ ಸ್ವಂತದವಕ್ಕೆ ಕೂರಲು ಜಾಗವೇ ಉಳಿಯಲಿಲ್ಲ. ತೆಂಗಿನ ಮರದ ಕೆಳಗೆ ನೇರವಾಗಿ ನಡೆದುಬಿಟ್ಟದ್ದು ನನಗೆ ಗೊತ್ತಾದದ್ದು ಆಫೀಸು ತಲುಪಿದ ಮೇಲೆ. ಗೆದ್ದೆ ಎಂದುಕೊಂಡೆ. ಆದರೆ ಮನೆಯಲ್ಲಿ ವಸುಧಾ ಬಾಗಿಲಿನ ಬೀಗವನ್ನು ಎಳೆದು ನೋಡುವುದು, ಅಡಿಗೆಮನೆಗೆ ವಾಪಸ್ ಹೋಗಿ ಗ್ಯಾಸಿನ ತಿರುಗಣೆ ಮುಟ್ಟಿ ಬರುವುದು ಶುರುವಾಗಿತ್ತು.

"ನಿನಗೇನಾಯ್ತೇ?" ಎಂದೆ.

"ಇಷ್ಟು ವರ್ಷ ನೀವು ಮಾಡ್ತಿದ್ರಿ ಅಂತ ನಾನು ಬಿಟ್ಟಿದ್ದೆ. ಈಗ ನೀವು ಬಿಟ್ಟಿದೀರ. ಮನೇಲಿ ಒಬ್ರಾದ್ರೂ ಮಾಡ್ಬೇಡ್ವಾ?" ಎಂದಳು.

ಈ ನಡುವೆ ಮಾವನವರ ಸ್ವಭಾವದಲ್ಲಿ ಏನೇನೋ ಬದಲಾಗುತ್ತಿತ್ತು. ಇಂಗ್ಲಿಷ್ ಪೇಪರನ್ನು ಅನುವಿನ ಕೈಗೆ ಕೊಟ್ಟು, ಉಚ್ಚಾರಣೆ ಸರಿಹೋಗಲಿ ಎಂದು ದಿನಾ ಗಟ್ಟಿಯಾಗಿ ಓದಿಸತೊಡಗಿದರು. ಒಂದು ಭಾನುವಾರ ಬಟ್ಟೆ ಅಂಗಡಿಗೆ ಹೋದಾಗ ನಾವು ಒಳಗೆ ನೋಡುತ್ತಿದ್ದೆವು, ಅವರು ಬಾಗಿಲ ಬಳಿ ಸೀರೆ ಉಡಿಸಿ ನಿಲ್ಲಿಸಿದ್ದ ಗೊಂಬೆಯ ಜತೆ ಬಹಳ ಹೊತ್ತು ಚೌಕಾಸಿ ಮಾಡುತ್ತಿದ್ದರು. "ಕೇಳಿದ್ದಕ್ಕೆ ಒಂದು ಪದಿಲ್ ಇಲ್ಲ, ಉತ್ತರ ಇಲ್ಲ. ಈಗಿನ ಹುಡುಗೀರಿಗೆ ಮರ್ಯಾದೆನೇ ಗೊತ್ತಿಲ್ಲ," ಎಂದು ಬೈದುಕೊಂಡು ಹೊರಗೆ ಬಂದರು. ತಮಾಷೆ ಮಾಡುತ್ತಿದ್ದಾರೆಂದು ನಾವು ಬಿದ್ದು ಬಿದ್ದು ನಕ್ಕೆವು. ಅವರೂ ಸ್ವಲ್ಪ ತಡೆದು ನಕ್ಕರು.

ಒಂದು ಸಂಜೆ ಆರೂವರೆಗೆ ಸರಿಯಾಗಿ ಅವರೇ ತಾರಸಿಗೆ ಬಂದರು. ಒಂದೊಂದು ಮೆಟ್ಟಿಲನ್ನೂ ಪಾದದಿಂದ ತಡವಿ ಹತ್ತಿ, ಗೋಡೆ ಹಿಡಿದುಕೊಂಡು ನಿಂತರು.

"ಮಾಪ್ಳೆ, ಒಬ್ರೇ ಇದೀರಾ?"

ಒಬ್ಬನೇ ಇರಲಿಲ್ಲ. ಜಯಮ್ಮ ನಮ್ಮಿಬ್ಬರ ನಡುವೆಯೇ ಕೂತು ಸಂಡಿಗೆ ಬಿಡಿಸುತ್ತಿದ್ದರು. ನಾನು ಬಾಯಿ ತೆರೆಯುವುದರೊಳಗೆ ಮಾವನವರು ಮುಂದುವರಿದರು.

"ಒಂದು ಗೂಡ್ಸ್ ಗಾಡಿ ಇದೆ. ಉದ್ದದ್ದು. ನಿಮ್ಮ ಪ್ಲಾಟ್‌ಫಾರಂ ಖಾಲಿ ಇದೆಯಾ?"

"ಹೇಳಿ ಮಾವ. ಆದರೆ..."

"ನನಗೆ ಕಣ್ಣು ಕಾಣಿಸ್ತಾ ಇಲ್ಲ. ಎರಡೂ ಕಣ್ಣಿಗೆ ಪೊರೆ. ಆಪರೇಷನ್ ಮಾಡ್ಲೇಬೇಕು, ಬಿಟ್ರೆ ಕಷ್ಟ ಅಂತ ಡಾಕ್ಟರ್ ಹೇಳಿ ಎಷ್ಟೋ ದಿವಸ ಆಯ್ತು. ನಾನು ಹೋಗ್ಲಿಲ್ಲ. ವಸೂಗೆ ತಿಳಿಯಕೂಡದು. ನಿಮ್ಮ ಹತ್ರ ಮಾತ್ರ ಹೇಳ್ತಿದೀನಿ. ಬೇರೆ ಒಂದು ಪ್ರಾಣಿಗೂ ಗೊತ್ತಿಲ್ಲ."

ನಾನು ಜಯಮ್ಮನನ್ನು ನೋಡಿದೆ. ಜಯಮ್ಮ ನನ್ನನ್ನು ನೋಡಿದರು. ಆಮೇಲೆ ಮೆತ್ತಗೆ, "ನಾನೂ ಇವ್ನಿ ಕಣಪ್ಪೋ," ಎಂದರು.

ಮಾವನವರು ಗೋಡೆಗೆ ಒರಗಿಕೊಂಡರು. ಅಷ್ಟು ದೊಡ್ಡ ಆಳು ಅಷ್ಟು ಚಿಕ್ಕವರಾಗಿ ಕಂಡದ್ದು ಅದೇ ಮೊದಲು. ಜಯಮ್ಮ ಅವರನ್ನು ಕೈಹಿಡಿದು ತಂದು ನನ್ನ ಬಕೆಟ್ಟಿನ ಮೇಲೆ ಕೂರಿಸಿದರು. "ಅಯ್ಯ, ನಾನ್ಯಾರ್ಗೂ ಹೇಳಾಕಿಲ್ಲ. ನಮ್ಮಪ್ಪಂಗೂ ಇಂಗೇ ಆಗಿತ್ತು," ಎಂದರು.

ಈ ಚಿಂತೆ ಬೇರೆಯವರದಲ್ಲ ಎಂಬುದು ಕೂತ ಎರಡೇ ನಿಮಿಷದಲ್ಲಿ ನನಗೆ ತಿಳಿಯಿತು. ಇದಕ್ಕೆ ಭಾರವಿತ್ತು. ಏಳು ಗಂಟೆಗೆ ಇಳಿಯಲಿಲ್ಲ, ಊಟ ರುಚಿಸಲಿಲ್ಲ. ಮರುದಿನ ಸಂಜೆ, ಬೇರೇನೂ ತೋಚದೆ, ಆಫೀಸಿನಲ್ಲಿ ಕ್ಲೇಮುದಾರರನ್ನು ಕೇಳುವ ಹಾಗೆ ಕೇಳಿದೆ: "ಮಾವ, ಹೆದರಿಕೆ ಇರೋದು ಸರಿಯಾಗಿ ಯಾವುದಕ್ಕೆ? ನೋವಿಗಾ? ಕಣ್ಣು ಹೋಗತ್ತೆ ಅಂತಾನಾ?"

ಅವರು ಮೂಗನ್ನು ಒಮ್ಮೆ ಉಜ್ಜಿಕೊಂಡರು.

"ಸೀನಿದ್ರೆ?" ಎಂದರು.

"ಏನು?"

"ಕತ್ತಿ ಕಣ್ಣೊಳಗಿರತ್ತೆ. ಆಗ ನಾನು ಸೀನಿದ್ರೆ?"

ನಗಬೇಡಿ. ಮಾವನವರ ಸೀನು ನಿಮ್ಮ ನಮ್ಮ ಸೀನಿನಂಥದಲ್ಲ. ಬೆಳಕು ಕಣ್ಣಿಗೆ ಬಿದ್ದರೆ ಸಾಕು, ಬರುತ್ತಿತ್ತು. ಬೆಳಗ್ಗೆ ಅವರು ಬಿಸಿಲಿಗೆ ಬಂದು ಸೀನಿದರೆ ಎದುರು ಮನೆಯ ನಾಯಿ ಮಂಚದ ಕೆಳಗೆ ಸೇರುತ್ತಿತ್ತು. ಇಷ್ಟು ದಿನ ಆ ಮನುಷ್ಯ ಕುರುಡಾಗುವುದಕ್ಕೆ ಒಪ್ಪಿಕೊಂಡು, ಈ ಒಂದು ಸೀನನ್ನು ಯಾರಿಗೂ ಹೇಳದೆ ಒಳಗೇ ಇಟ್ಟುಕೊಂಡಿದ್ದರು. ಡಾಕ್ಟರನ್ನು ಕೇಳಲು ನಾಚಿಕೆಯಂತೆ.

ಶನಿವಾರ ಮಧ್ಯಾಹ್ನ, ಸೌಕಾರ್‌ಪೇಟೆಗೆ ಹೋಗಿ ಬೆಳ್ಳಿ ದೀಪದ ಬೆಲೆ ವಿಚಾರಿಸಿ ಬರುತ್ತೇವೆಂದು ವಸುಧೆಗೆ ಹೇಳಿ, ಅವರನ್ನು ಕಣ್ಣಿನ ಡಾಕ್ಟರ ಬಳಿಗೆ ಕರೆದುಕೊಂಡು ಹೋದೆ. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಸೀನಿನ ಮಾತು ಕೇಳಿ ಆಕೆ ನಗಲಿಲ್ಲ. ಹಲವರಿಗೆ ಇದೇ ಭಯ ಇರುತ್ತದೆ ಎಂದಳು. ಆಪರೇಷನ್ ನಡೆಯುವಾಗ ನರ್ಸ್ ನಿಮ್ಮ ಒಂದು ಕೈ ಹಿಡಿದುಕೊಂಡಿರುತ್ತಾರೆ, ಸೀನು ಬರುವಂತಿದ್ದರೆ ಅವರ ಕೈ ಅಮುಕಿ, ನಾನು ತಕ್ಷಣ ನಿಲ್ಲಿಸುತ್ತೇನೆ, ಮುಖದ ಮೇಲೆ ಬಟ್ಟೆ ಇರುತ್ತದೆ, ಅಲ್ಲಾಡದೆ ಮಲಗುವುದನ್ನು ಮನೆಯಲ್ಲಿ 'ಪ್ರಾಕ್ಟೀಸ್' ಮಾಡಿಕೊಳ್ಳಿ ಎಂದಳು. ಮಾವನವರು ಹೊರಗೆ ಬಂದು, "ಹ್ಯಾಂಡ್ ಸಿಗ್ನಲ್!" ಎಂದರು. ಅವರ ದನಿ ಮೊದಲಿನ ಎತ್ತರಕ್ಕೆ ಏರಿತ್ತು.

ಮರುದಿನ ಭಾನುವಾರ. ವಸುಧಾ ತರಕಾರಿಗೆ ಹೋದ ಹೊತ್ತು ನೋಡಿ ತಾರಸಿಯಲ್ಲಿ ಅಭ್ಯಾಸ ಶುರು ಮಾಡಿದೆವು. ಚಾಪೆಯ ಮೇಲೆ ಮಾವನವರು ನೆಟ್ಟಗೆ ಅಂಗಾತ ಮಲಗಿದರು. ಮುಖದ ಮೇಲೆ ಬಿಳಿ ಪಂಚೆ ಹೊದಿಸಿದೆ. ನಾನು ಒಂದು ಪಕ್ಕ ಕೂತು ಅವರ ಕೈ ಹಿಡಿದುಕೊಂಡೆ. ಜಯಮ್ಮ ತಲೆಯ ಬಳಿ ಕೂತರು; ಮೆಣಸಿನ ಪುಡಿಯ ಬಟ್ಟಲನ್ನು ಮಾವನವರ ಮೂಗಿನ ಹತ್ತಿರ ಹಿಡಿಯುವುದು ಆಕೆಯ ಕೆಲಸ. ಘಾಟಿಗೆ ಜಯಮ್ಮನದೇ ಕಣ್ಣಿನಲ್ಲಿ ನೀರು ಸುರಿಯುತ್ತಿತ್ತು, ಸೆರಗಿನಿಂದ ಒರೆಸಿಕೊಳ್ಳುತ್ತಿದ್ದರು. ಮಾವನವರು ಅಲ್ಲಾಡಲಿಲ್ಲ. ಒಳ್ಳೆಯ ಸಾಧನೆ ಎಂದು ನಾನು ಸದ್ದು ಮಾಡದೆ ಕೂತೆ. ಸಂಜೆ ಕವಿಯುತ್ತಿತ್ತು.

ಅಷ್ಟರಲ್ಲಿ ಬಂದ ವಸುಧಾ ಕೆಳಗೆ ಅನುವನ್ನು ತಾತ ಎಲ್ಲಿ ಎಂದು ಕೇಳಿದ್ದಾಳೆ. ಅನು ಪುಸ್ತಕದಿಂದ ತಲೆ ಎತ್ತದೆ, ಮೇಲೆ ಮಲಗಿದ್ದಾರೆ ಎಂದು ತಮಿಳಿನಲ್ಲಿ ಹೇಳಿದ್ದಾಳೆ. ತರಕಾರಿ ಚೀಲದೊಂದಿಗೇ ಮೇಲೆ ಬಂದವಳ ಕಣ್ಣಿಗೆ ಬಿದ್ದದ್ದೇನು ಎಂಬುದನ್ನು ನೀವೇ ಊಹಿಸಿ. ಅಪ್ಪನ ಮುಖದ ಮೇಲೆ ಬಿಳಿ ಬಟ್ಟೆ, ಕೈ ಹಿಡಿದು ಕೂತ ಗಂಡ, ತಲೆಯ ಬಳಿ ಕಣ್ಣೀರಿಡುತ್ತಿರುವ ಜಯಮ್ಮ.

ಅವಳು ಮೆಟ್ಟಿಲ ಮೇಲೆ ಕುಸಿದು ಕೂತಳು. ಚೀಲದಿಂದ ಬದನೆಕಾಯಿಗಳು ಒಂದೊಂದಾಗಿ ಉರುಳಿ ಕೆಳಗೆ ಹೋದವು.

ಅದೇ ಗಳಿಗೆಯಲ್ಲಿ ನನ್ನ ಕೈ ಅಮುಕಿದಂತಾಯಿತು. ಸಿಗ್ನಲ್ ಬಿದ್ದರೂ ಜಯಮ್ಮ ಬಟ್ಟಲನ್ನು ಸರಿಸುವುದನ್ನು ಮರೆತಿದ್ದರು. ಪಂಚೆ ಒಂದು ಮೊಳ ಮೇಲಕ್ಕೆ ಹಾರಿತು. ಬೀದಿಯ ಆ ಕೊನೆಗೆ ಕೇಳುವಂಥ ಸೀನು.

ಸತ್ತವರು ಎದ್ದು ಕೂತು ಮೂಗು ಒರೆಸಿಕೊಂಡರು. "ಯಾರದು ಮೆಟ್ಟಿಲ ಹತ್ರ?" ಎಂದರು.

"ನಾನು," ಎಂದಳು ವಸುಧಾ. ಅವರು ತನ್ನ ಕಡೆಗೇ ಮುಖ ಮಾಡಿದ್ದುದನ್ನು ನೋಡಿ, "ನಾನಪ್ಪ. ನಿನಗೆ ಕಾಣಿಸ್ತಿಲ್ವಾ?" ಎಂದಳು.

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಅವರು ಎಲ್ಲವನ್ನೂ ಹೇಳಿದರು. ಅವಳು ನನ್ನನ್ನಾಗಲಿ ಜಯಮ್ಮನನ್ನಾಗಲಿ ಬೈಯಲಿಲ್ಲ. ಹತ್ತಿರ ಬಂದು ಚಾಪೆಯ ತುದಿಯಲ್ಲಿ ಕೂತು, "ಊರಿಗೆಲ್ಲ ಹೇಳಿದೀಯ. ನನಗೆ ಯಾಕಪ್ಪ ಹೇಳ್ಲಿಲ್ಲ?" ಎಂದಳು.

"ಹೇಳಿದ್ರೆ ನೀನು ಚಿಂತೆ ಮಾಡ್ತೀಯ ಅಂತ."

"ಮಾಡ್ತೀನಿ. ನಮ್ಮಪ್ಪ ನೀನು. ಅದಕ್ಕೂ ನಾನು ಇವರ ಹತ್ರ ಪರ್ಮಿಷನ್ ಕೇಳ್ಬೇಕಾ?"

ಮಾವನವರು ಪಂಚೆಯ ಅಂಚನ್ನು ಸರಿಪಡಿಸುತ್ತಾ ಕೂತರು. ಅವಳು ಅವರ ಮೂಗಿನ ಮೇಲೆ ಉಳಿದಿದ್ದ ಮೆಣಸಿನ ಪುಡಿಯನ್ನು ಸೆರಗಿನಿಂದ ಒರೆಸಿದಳು. ಅದರಿಂದ ಅವರಿಗೆ ಇನ್ನೆರಡು ಸೀನು ಬಂತು.

ಆಪರೇಷನ್ ಒಂದು ಬೆಳಗ್ಗೆ ಆಯಿತು. ಮೊದಲು ಬಲಗಣ್ಣು. ನಾವಿಬ್ಬರೂ ಹೊರಗೆ ಬೆಂಚಿನ ಮೇಲೆ ಕೂತಿದ್ದೆವು. ನಾನು ಅಭ್ಯಾಸದಂತೆ ಶುರು ಮಾಡುವುದರಲ್ಲಿದ್ದೆ. ವಸುಧಾ, "ಇವತ್ತು ನಂದು. ನೀವು ಸುಮ್ಮನೆ ಕೂತ್ಕೊಳ್ಳಿ," ಎಂದಳು. ನಾನು ಎದುರಿನ ಗೋಡೆಯ ಗಡಿಯಾರ ನೋಡುತ್ತಾ ಕೂತೆ. ಸುಮ್ಮನೆ ಕೂರುವುದು ಎಷ್ಟು ಕಷ್ಟದ ಕೆಲಸ ಎಂದು ನಿಮಗೆ ಹೇಳಿ ಪ್ರಯೋಜನವಿಲ್ಲ.

ಡಾಕ್ಟರು ಹೊರಗೆ ಬಂದಾಗ ಆಕೆಯ ಮುಖದಲ್ಲಿ ನಗು ಇತ್ತು. ಎಲ್ಲ ಚೆನ್ನಾಗಿ ಆಯಿತಂತೆ. ನಡುವೆ ಒಂದು ಸಲ ಮಾತ್ರ ಮಾವನವರು ನರ್ಸಿನ ಕೈಯನ್ನು ಬಲವಾಗಿ ಅಮುಕಿದರಂತೆ. ಡಾಕ್ಟರು ತಕ್ಷಣ ಎಲ್ಲವನ್ನೂ ನಿಲ್ಲಿಸಿ, ಸೀನು ಬರುತ್ತಿದೆಯೇ ಎಂದು ಕೇಳಿದರೆ, ಬಟ್ಟೆಯ ಕೆಳಗಿನಿಂದ, "ಇಲ್ಲಮ್ಮ. ಸಿಗ್ನಲ್ ಕೆಲಸ ಮಾಡ್ತಾ ಇದೆಯಾ ಅಂತ ನೋಡ್ದೆ, ಅಷ್ಟೇ. ನೀವು ಮುಂದುವರಿಸಿ," ಎಂಬ ಉತ್ತರ ಬಂತಂತೆ.

ಮರುದಿನ ಪಟ್ಟಿ ಬಿಚ್ಚಿ, ಕಪ್ಪು ಕನ್ನಡಕ ಕೊಟ್ಟು ಮನೆಗೆ ಕಳಿಸಿದರು. ಆಟೋದಲ್ಲಿ ಮಾವನವರು ದಾರಿಯುದ್ದಕ್ಕೂ ಅಂಗಡಿಯ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದಿದರು. ವಸುಧೆಯ ಕಡೆಗೆ ತಿರುಗಿ, "ನಿನಗೆ ಯಾವಾಗಮ್ಮ ಇಷ್ಟು ನರೆ ಬಂತು?" ಎಂದರು. ನನ್ನನ್ನೂ ಆಸಕ್ತಿಯಿಂದ ನೋಡಿದರು. ಏನೂ ಹೇಳಲಿಲ್ಲ, ಅದು ಅವರ ದೊಡ್ಡತನ.

ಮನೆಯ ಕಡೆ ತಿರುಗಲು ದಾರಿಯಿಲ್ಲದೆ ಆಟೋದವನು ನಮ್ಮನ್ನು ಪುರಸೈವಾಕ್ಕಂ ಹೈರೋಡಿನ ಆಚೆ ಬದಿಯಲ್ಲೇ ಇಳಿಸಿ ಹೋದ. ಆ ರಸ್ತೆಯನ್ನು ಮಾವನವರು ಎಷ್ಟೋ ವರ್ಷಗಳಿಂದ ದಿನವೂ ಒಬ್ಬರೇ ದಾಟುತ್ತಿದ್ದವರು. ಎಡಬಲ ನೋಡದೆ, ಒಂದು ಕೈಯನ್ನು ಮುಂದೆ ಚಾಚಿ, ನೆಟ್ಟಗೆ ನಡೆದುಬಿಡುತ್ತಿದ್ದರು. ಆ ಧೈರ್ಯವನ್ನು ನಾನು ಮಹಡಿಯ ಕಿಟಕಿಯಿಂದ ನೋಡಿ ನೋಡಿ ಬೆವೆತಿದ್ದೇನೆ.

ಈಗ ಅವರು ಫುಟ್‌ಪಾತಿನ ಅಂಚಿನಲ್ಲಿ ನಿಂತರು. ಒಂದು ಬಸ್ಸು ಮುಂದಿನ ಚಕ್ರದಿಂದ ಅವರ ಚಪ್ಪಲಿಗೆ ಗಾಳಿ ಬೀಸಿ ಹೋಯಿತು. ಅದರ ಹಿಂದೆ ಎರಡು ಆಟೋ, ಆಟೋಗಳ ನಡುವೆ ಸಾಮಾನು ಹೇರಿದ ಒಂದು ಮೂರು ಚಕ್ರದ ಮೀನ್‌ಬಾಡಿ ಗಾಡಿ, ಅದಕ್ಕೆ ಮುಖಾಮುಖಿಯಾಗಿ ಎದುರು ದಿಕ್ಕಿನಿಂದ ಒಂದು ಸ್ಕೂಟರು. ಅವರು ಕಪ್ಪು ಕನ್ನಡಕವನ್ನು ಹಣೆಗೆ ಏರಿಸಿ, ಎಲ್ಲವನ್ನೂ ಪೂರ್ತಿಯಾಗಿ ನೋಡಿದರು.

"ವಸೂ," ಎಂದರು. "ದಿನಾ ನಾನು ಇದರ ಮಧ್ಯೆನಾ ಹೋಗ್ತಿದ್ದದ್ದು?"

"ಆಮಾಂ ಅಪ್ಪ. ಇದರ ಮಧ್ಯೆನೇ."

ಅವರು ಎರಡು ಹೆಜ್ಜೆ ಹಿಂದೆ ಸರಿದು ನನ್ನ ತೋಳನ್ನು ಹಿಡಿದುಕೊಂಡರು. ನನ್ನ ಇನ್ನೊಂದು ತೋಳನ್ನು ವಸುಧಾ ಹಿಡಿದಳು. ನಾನು ಬಲಕ್ಕೆ ನೋಡಿದೆ, ಎಡಕ್ಕೆ ನೋಡಿದೆ, ಮತ್ತೆ ಬಲಕ್ಕೆ ನೋಡಿದೆ, ಮೇಲೆ ತೆಂಗಿನ ಮರವೇನೂ ಇಲ್ಲವೆಂದು ಖಚಿತ ಮಾಡಿಕೊಂಡೆ. ಬೆನ್ನ ಹಿಂದಿನಿಂದ ಮಾವನವರ ದನಿ ಬಂತು, "ಅವಸರ ಇಲ್ಲ ಮಾಪ್ಳೆ. ಚೆನ್ನಾಗಿ ಯೋಚ್ನೆ ಮಾಡಿ, ಆಮೇಲೆ ಹೆಜ್ಜೆ ಇಡಿ."

ನನ್ನ ಜೀವಮಾನದಲ್ಲಿ ಯಾರೂ ನನಗೆ ಹಾಗೆ ಹೇಳಿರಲಿಲ್ಲ. ಎಷ್ಟು ಬೇಕೋ ಅಷ್ಟು ಹೊತ್ತು ಯೋಚನೆ ಮಾಡಿ, ಇಬ್ಬರನ್ನೂ ದಾಟಿಸಿದೆ.